ನರ್ಸಕ್ಕನ ಕಾರ್ಬನ್ ಪ್ರತಿಗಳು

ನನ್ನ ಹೆಸರಿನಲ್ಲಿ ಅಚ್ಚಾದ ಬರಹಗಳಲ್ಲೆಲ್ಲ ಅತಿ ಹೆಚ್ಚು ಜನರ ಕಣ್ಣಿಗೆ ಬಿದ್ದದ್ದು ಬಾಯಿಯ ಹುಣ್ಣಿನ ಬಗ್ಗೆ ಬರೆದ ಆರು ಪುಟ. ಅದನ್ನು ಬರೆದಾಗ ನನಗೆ ಇಪ್ಪತ್ತೇಳು ವರ್ಷ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಕ್ಯಾನ್ಸರ್ ಪ್ರಯೋಗಾಲಯಗಳಲ್ಲಿ ಕೂತೆ, ಆನೆ ಗಾತ್ರದ ಯಂತ್ರಗಳನ್ನು ಓಡಿಸಿದೆ, ಉದ್ದುದ್ದ ಹೆಸರಿನ ಪ್ರಬಂಧಗಳನ್ನು ಬರೆದೆ. ಏನು ಮಾಡಿದರೂ ಪಟ್ಟಿಯ ತಲೆಯಲ್ಲಿ ಆ ಆರು ಪುಟಗಳೇ ಕಾಲುಚಾಚಿ ಕೂತಿದ್ದವು.

ನಮ್ಮ ಕಸುಬಿನಲ್ಲಿ ಒಬ್ಬರ ಬೆಲೆ ಕಟ್ಟುವುದು ಹೀಗೆ. ನೀವೊಂದು ಪ್ರಬಂಧ ಬರೆದರೆ, ಅದರಿಂದ ಉಪಯೋಗ ಪಡೆದ ಇನ್ನೊಬ್ಬರು ತಮ್ಮ ಪ್ರಬಂಧದ ಕೊನೆಯಲ್ಲಿ ನಿಮ್ಮದನ್ನು ಹೆಸರಿಸುತ್ತಾರೆ. ಅದಕ್ಕೆ ಸೈಟೇಷನ್ ಎನ್ನುತ್ತೇವೆ. ಎಷ್ಟು ಜನ ಹೆಸರಿಸಿದರು ಎಂಬುದನ್ನು ಈಗ ಕಂಪ್ಯೂಟರೇ ಎಣಿಸಿ ಹೇಳುತ್ತದೆ. ನಮ್ಮ ಮಾದಾಪುರದ ಕಡೆ ತೋಟದವರು ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು, ಪಕ್ಕದ ತೋಟಕ್ಕೆ ಫೋನ್ ಮಾಡಿ, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು ಕೇಳುತ್ತಾರೆ. ಸೆಂಟೆಂದರೆ ಇಂಚಿನ ನೂರರಲ್ಲೊಂದು ಭಾಗ. ತಮ್ಮಲ್ಲಿ ನಾಲ್ಕು ಸೆಂಟು ಹೆಚ್ಚು ಬಿದ್ದಿದ್ದರೆ ಅವತ್ತಿನ ಕಾಫಿ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ನನ್ನ ಚಟವೂ ಅಂಥದ್ದೇ. ಬೆಳಿಗ್ಗೆ ಕಾಫಿಯ ಜೊತೆ ಸೈಟೇಷನ್ ಎಷ್ಟಾಯಿತು ಎಂದು ನೋಡದಿದ್ದರೆ ನನಗೆ ದಿನ ಶುರುವಾಗುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇ, ಆದರೂ ನಿಜ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಕಾಗದ ಬಂತು. ಜೀವಮಾನದ ಸಾಧನೆಗೆಂದು ಕೊಡುವ ಒಂದು ಗೌರವಕ್ಕೆ ಯಾರೋ ನನ್ನ ಹೆಸರು ಸೂಚಿಸಿದ್ದರು. ಪ್ರಬಂಧಗಳ ಪಟ್ಟಿ, ಒಂದೊಂದನ್ನೂ ಎಷ್ಟು ಜನ ಹೆಸರಿಸಿದ್ದಾರೆ, ಯಾರು ಏನು ಹೇಳಿದ್ದಾರೆ, ಎಲ್ಲ ಬರೆದು ಕಳಿಸಬೇಕಿತ್ತು. ನಾನು ಆಗ ರಜೆಯಲ್ಲಿ ಮಾದಾಪುರದ ತಮ್ಮನ ಮನೆಯಲ್ಲಿದ್ದೆ. ಅಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಗೆ ತಮ್ಮನ ಟೋಪಿ ಇಟ್ಟುಕೊಂಡು, ಪಟ್ಟಿ ಮಾಡಲು ಕೂತೆ. ಕೂತವಳಿಗೆ ಆ ಆರು ಪುಟದ ಕಾಲ ಒಂದೊಂದಾಗಿ ನೆನಪಾಗತೊಡಗಿತು.

ಆಗ ಅಪ್ಪನಿಗೆ ಮಾದಾಪುರದಲ್ಲಿ ದಿನಸಿ ಅಂಗಡಿ. ನಮ್ಮ ಮನೆಯಿಂದ ಒಂದೂವರೆ ಮೈಲಿ ಆಚೆಗೆ ಒಂದು ದೊಡ್ಡ ಎಸ್ಟೇಟು, ಅದರ ಕೆಲಸದವರಿಗೆಂದು ಎರಡು ಕೋಣೆಯ ಡಿಸ್ಪೆನ್ಸರಿ. ವಾರಕ್ಕೊಂದು ದಿನ ಡಾಕ್ಟರು ಬಂದರೆ ಬಂದರು. ಉಳಿದ ಆರು ದಿನವೂ ಅಲ್ಲಿ ಇದ್ದವಳು ಒಬ್ಬ ನರ್ಸ್. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡ ಮನೆತನದವಳು. ನಾನು ಲಂಗ ತೊಟ್ಟ ಕಾಲದಿಂದ ಕಂಡವಳು. ಊರಿಗೆಲ್ಲ ನರ್ಸಮ್ಮ, ನನಗೆ ನರ್ಸಕ್ಕ. ನಾನು ಬಾಯಿಯ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತೇನೆ, ಕೆಲಸದವರ ಲೈನ್ ಮನೆಗಳ ಹೆಂಗಸರ ಬಾಯಿ ನೋಡಬೇಕು ಎಂದಾಗ ಅವಳು ನಕ್ಕುಬಿಟ್ಟಳು.

"ನೀ ಹೋಗಿ ಬಾಯಿ ತೆಗಿ ಅಂದ್ರೆ ಯಾರ್ ತೆಗೀತಾರೆ ಮಗಾ? ನಂಜೊತೆ ಬಾ."

ಎಲೆ, ಅಡಿಕೆ, ಹೊಗೆಸೊಪ್ಪು ಒಟ್ಟಿಗೆ ಜಗಿದು ದವಡೆಯಲ್ಲಿಟ್ಟುಕೊಂಡರೆ ಕೆಲಸದ ಮಧ್ಯೆ ಹಸಿವು ಕಾಣುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಅದು ಬೇಡ ಎಂದು ಇಪ್ಪತ್ತು ವರ್ಷದಿಂದ ಗಂಟಲು ಹರಿದುಕೊಂಡವಳು ನರ್ಸಕ್ಕ. ಆದರೆ ಲೈನಿನ ಯಾವ ಮನೆಗೆ ಹೋದರೂ ಮೊದಲು ಮುಂದಕ್ಕೆ ಬರುತ್ತಿದ್ದದ್ದು ಎಲೆತಟ್ಟೆಯೇ. ಬೇಡ ಎಂದರೆ ಆ ಮನೆಯವರನ್ನೇ ಬೇಡ ಅಂದಂತೆ. ನರ್ಸಕ್ಕ ಎರಡೂ ಕೈ ಚಾಚಿ ಎಲೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ತನ್ನ ಬಾಯಿಯನ್ನೇ ಅಗಲಿಸಿ, "ನೋಡು ಡಾಕ್ಟ್ರೇ, ನಂದು ಮೊದ್ಲು ನೋಡು," ಎನ್ನುತ್ತಿದ್ದಳು. ನಾನು ಟಾರ್ಚ್ ಹಾಕಿ ನೋಡುತ್ತಿದ್ದೆ. ಅಷ್ಟೂ ಹೆಂಗಸರಿಗೆ ನಗು. ನಕ್ಕು ತೆರೆದ ಬಾಯಿ ಹಾಗೇ ಇರುತ್ತಿತ್ತು, ನಮ್ಮ ಕೆಲಸ ಆಗುತ್ತಿತ್ತು. ಸಂಜೆ ವಾಪಸಾದ ಮೇಲೆ ಸೆರಗಿನ ಗಂಟು ಬಿಚ್ಚಿ ಎಲೆಯನ್ನೆಲ್ಲ ಅವಳು ತನ್ನ ಹಸುವಿಗೆ ಹಾಕುತ್ತಿದ್ದಳು. ನನ್ನ ಸಂಶೋಧನೆಯಿಂದ ಆ ಡಿಸೆಂಬರಿನಲ್ಲಿ ದಪ್ಪಗಾದದ್ದು ಆ ಹಸು ಒಂದೇ.

ಎಂಥ ದಿನಗಳು ಅವು! ಅರೇಬಿಕಾ ಹಣ್ಣು ಕೆಂಪಗೆ ತೂಗುತ್ತಿತ್ತು. ಮಂಜು ಸರಿದ ಮೇಲೆ ತೋಟದೊಳಗಿಂದ ನಾಲ್ಕು ಭಾಷೆಯ ಮಾತು ಒಟ್ಟಿಗೆ ಕೇಳುತ್ತಿತ್ತು. ನರ್ಸಕ್ಕ ಒಬ್ಬಳನ್ನು ತಮಿಳಿನಲ್ಲಿ ಗದರಿ, ಪಕ್ಕದವಳನ್ನು ತುಳುವಿನಲ್ಲಿ ರಮಿಸಿ, ನನಗೆ ಕನ್ನಡದಲ್ಲಿ ಬರೆಸುತ್ತಿದ್ದಳು. ಯಾರಿಗೆ ಎಷ್ಟು ಮಕ್ಕಳು, ಯಾರ ಗಂಡ ಕುಡಿಯುತ್ತಾನೆ, ಯಾರು ಎಡಗಡೆ ಜಗಿಯುತ್ತಾರೆ, ಅವಳಿಗೆ ಎಲ್ಲ ಬಾಯಿಪಾಠ. ಮಧ್ಯಾಹ್ನ ಅವಳ ಬುತ್ತಿಯ ರಾಗಿರೊಟ್ಟಿಯನ್ನು ಇಬ್ಬರೂ ಮುರಿದು ತಿನ್ನುತ್ತಿದ್ದೆವು. ಆಮೇಲೆ ಎಷ್ಟೋ ದೇಶಗಳ ಊಟ ಮಾಡಿದೆ. ಆ ರೊಟ್ಟಿಯ ಹುಚ್ಚೆಳ್ಳು ಚಟ್ನಿ ಇವತ್ತಿಗೂ ನೆನಪಾಗುತ್ತದೆ.

ಒಂದೇ ಎಸ್ಟೇಟು ಸಾಲದು, ಇನ್ನೊಂದು ಬೇಕು ಎಂದರು ನನ್ನ ಗೈಡ್. ಮಾರ್ಚಿನಲ್ಲಿ ಕೊಡಗಿನ ದಕ್ಷಿಣ ತುದಿಗೆ, ಮಾಕುಟ್ಟದ ದಾರಿಯಲ್ಲಿರುವ ಒಂದು ತೋಟಕ್ಕೆ ಹೋದೆ. ನರ್ಸಕ್ಕನಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋದೆ. ಅಲ್ಲಿ ಹಾಜರಿ ಬರೆಯುವ ರೈಟರ್ ಕೆಲಸದವರ ಪಟ್ಟಿ ಕೊಟ್ಟರು. ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಎಲೆತಟ್ಟೆಯೂ ಇಲ್ಲ, ನಗುವೂ ಇಲ್ಲ. ಟಾರ್ಚ್ ಹಾಕಿದೆ, ಬಾಯಿ ನೋಡಿದೆ, ನಂಬರ್ ಬರೆದೆ. ನಾಲ್ಕೇ ದಿನದಲ್ಲಿ ಮುಗಿಸಿದೆನೆಂದು ಜಂಬವೋ ಜಂಬ.

ಪ್ರಬಂಧ ಅಚ್ಚಾಯಿತು. ಅದರಲ್ಲಿ ಓದುಗರು ಬರೆಯಬೇಕಾದ ವಿಳಾಸ ಹಾಕಬೇಕಿತ್ತು. ನಾನಾಗ ಹಾಸ್ಟೆಲ್ ಬಿಟ್ಟು ಕೆಲಸ ಹುಡುಕುತ್ತಿದ್ದೆ, ನನಗೆ ನೆಲೆಯೇ ಇರಲಿಲ್ಲ. ಅಂಗಡಿಯ ವಿಳಾಸ ಕೊಟ್ಟರೆ ಅಪ್ಪ ಬಂದ ಕಾಗದದಲ್ಲೆಲ್ಲ ಕೊತ್ತಂಬರಿಬೀಜದ ಪೊಟ್ಟಣ ಕಟ್ಟಿಬಿಡುವುದು ಖಂಡಿತ. ಅದಕ್ಕೇ ಡಿಸ್ಪೆನ್ಸರಿಯ ವಿಳಾಸ ಕೊಟ್ಟೆ.

ಇಂಟರ್ನೆಟ್ ಇಲ್ಲದ ಕಾಲ ಅದು. ದೂರದ ದೇಶದ ಸಂಶೋಧಕರು ಎಲ್ಲೋ ಪ್ರಬಂಧದ ಹೆಸರು ಕಂಡರೆ, ದಯವಿಟ್ಟು ಒಂದು ಪ್ರತಿ ಕಳಿಸಿ ಎಂದು ಅಚ್ಚುಹಾಕಿಸಿದ ಕಾರ್ಡನ್ನು ಲೇಖಕರಿಗೆ ಕಳಿಸುತ್ತಿದ್ದರು. ಪತ್ರಿಕೆಯವರು ಅದಕ್ಕೆಂದೇ ನನಗೆ ಒಂದು ಕಟ್ಟು ಪ್ರತಿ ಕೊಟ್ಟಿದ್ದರು. ಅರ್ಧ ಗೈಡ್ ಇಟ್ಟುಕೊಂಡರು. ಉಳಿದರ್ಧ ನಾನು ನೆಂಟರಿಗೆಲ್ಲ ಹಂಚಿದೆ. ಅಪ್ಪ ಒಂದನ್ನು ಅಂಗಡಿಯ ಗಾಜಿನ ಬೀರುವಿನಲ್ಲಿ ಬಿಸ್ಕತ್ತಿನ ಪಕ್ಕ ನಿಲ್ಲಿಸಿದರು. ಅಷ್ಟರಲ್ಲಿ ನನಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು, ಹೊರಟುಹೋದೆ. ಕಾರ್ಡುಗಳು ಬರುತ್ತಿವೆ, ಏನು ಮಾಡಲಿ ಎಂದು ನರ್ಸಕ್ಕ ಒಂದು ಉದ್ದ ಕಾಗದ ಬರೆದದ್ದು ನೆನಪಿದೆ. ನಾನು ಏನೋ ನಾಲ್ಕು ಸಾಲು ಉತ್ತರ ಬರೆದು ಕೈತೊಳೆದುಕೊಂಡೆ.

ಇದನ್ನೆಲ್ಲ ನೆನೆಯುತ್ತ ಕಣದ ಮೂಲೆಯಲ್ಲಿ ಒಂದೊಂದೇ ಸೈಟೇಷನ್ ತೆರೆದು ನೋಡುತ್ತಿದ್ದೆ. ಅದರಲ್ಲೊಂದು ಪರದೇಶದ ಹಳೆಯ ವರದಿ, ಯಾರೋ ಈಚೆಗೆ ಸ್ಕ್ಯಾನ್ ಮಾಡಿ ಹಾಕಿದ್ದರು. ನನ್ನ ಪ್ರಬಂಧದ ಹೆಸರಿತ್ತು. ಅದರ ಕೆಳಗೆ ಸಣ್ಣಕ್ಷರದ ಅಡಿಟಿಪ್ಪಣಿ. ಈ ಪ್ರಬಂಧದಲ್ಲಿ ಕೆಲವು ರೋಗಿಗಳನ್ನು ಎರಡೆರಡು ಸಲ ಎಣಿಸಲಾಗಿದೆ, ಇದು ಅಲ್ಲಿನ ಡಿಸ್ಪೆನ್ಸರಿಯ ನರ್ಸ್ ಬರೆದ ಪತ್ರದಿಂದ ತಿಳಿಯಿತು ಎಂದು ಅದರ ಸಾರಾಂಶ. ಪಕ್ಕದಲ್ಲಿ ನರ್ಸಕ್ಕನ ಪೂರ್ತಿ ಹೆಸರು, ಅವಳ ಅಪ್ಪನ ಇನಿಷಿಯಲ್ ಸಮೇತ.

ನನಗೆ ನಖಶಿಖಾಂತ ಉರಿಯಿತು. ನನ್ನ ಪ್ರಬಂಧದಲ್ಲಿ ತಪ್ಪಿದೆ ಎಂದು ಪರದೇಶಕ್ಕೆ ಬರೆಯಲು ಇವಳ್ಯಾರು? ಬರೆದವಳು ನನಗೆ ಒಂದು ಮಾತು ಹೇಳಬೇಡವೇ? ಇದು ಆಯ್ಕೆ ಮಾಡುವವರ ಕಣ್ಣಿಗೆ ಬಿದ್ದರೆ ಗೌರವವೂ ಹೋಯಿತು, ಮೂವತ್ತು ವರ್ಷದ ಹೆಸರೂ ಹೋಯಿತು. ತಮ್ಮ ಊಟಕ್ಕೆ ಕರೆದರೆ ಅವನ ಮೇಲೂ ಹರಿಹಾಯ್ದೆ. ಮರುದಿನ ಬೆಳಿಗ್ಗೆಯೇ ಅವನ ಜೀಪಿನಲ್ಲಿ ಹೊರಟೆ.

ನರ್ಸಕ್ಕ ನಿವೃತ್ತಳಾದ ಮೇಲೆ ಹಾರಂಗಿಯ ಹತ್ತಿರ, ಕಾಲುವೆಯ ಪಕ್ಕದಲ್ಲಿ, ತಂಗಿಯ ಮಗಳ ಮನೆಯಲ್ಲಿದ್ದಳು. ಎಂಬತ್ತು ದಾಟಿತ್ತು. ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದವಳು ದಪ್ಪ ಕನ್ನಡಕ ಎತ್ತಿ ನೋಡಿದಳು.

"ಅಯ್ಯೋ ಮಗಾ! ಬಿಸ್ಲಲ್ಲಿ ಬಂದೀಯಲ್ಲ. ಕೂತ್ಕ ಕೂತ್ಕ. ಮಜ್ಜಿಗೆ ಕುಡೀತೀಯಾ?"

ಸಿಟ್ಟು ಮಾಡಲು ಬಂದವಳು ಮಜ್ಜಿಗೆ ಕುಡಿದೆ. ಕುಡಿದು ಲೋಟ ಕೆಳಗಿಟ್ಟು ಕೇಳಿದೆ.

"ನರ್ಸಕ್ಕ, ನನ್ನ ಪೇಪರಿನ ಬಗ್ಗೆ ನೀವು ಫಾರಿನ್ನಿಗೆ ಕಾಗದ ಬರೆದಿದ್ರಾ?"

"ಬರ್ದಿದ್ನಲ್ಲ," ಎಂದಳು, ಹಾಲಿಗೆ ಹೆಪ್ಪು ಹಾಕಿದೆ ಎಂಬಷ್ಟು ಸಲೀಸಾಗಿ. "ಒಂದಾ ಎರಡಾ! ಕಾರ್ಡ್ ಹಾಕಿದವ್ರಿಗೆಲ್ಲ ಬರ್ದಿದ್ದೆ. ಅಷ್ಟು ದೂರ್ದಿಂದ ಕೇಳವ್ರೆ, ಉತ್ರ ಬರೀದೆ ಇರಕ್ಕಾಯ್ತದಾ? ಪ್ರತಿ ಇಲ್ಲ ಅಂತ ನೀನೇ ಬರ್ದೆ. ನಿಮ್ಮಪ್ಪಾರ ಬೀರಿನಲ್ಲಿ ಇತ್ತಲ್ಲ, ಅದನ್ನ ಇಸ್ಕಂಡು ಬಂದು ಕೈಯಲ್ಲೇ ನಕಲು ಮಾಡ್ದೆ."

ಆರು ಪುಟವನ್ನು ಕೈಯಲ್ಲಿ! ತಂಗಿಯ ಮಗಳು ಒಳಗಿಂದ ಒಂದು ಬಿಸ್ಕತ್ತಿನ ಡಬ್ಬ ತಂದಳು. ಅದರಲ್ಲಿ ಬಣ್ಣ ಬಣ್ಣದ ಸ್ಟಾಂಪಿನ ಕಾರ್ಡುಗಳು. ಒಂದೊಂದಕ್ಕೂ ಗುಂಡುಪಿನ್ನು ಚುಚ್ಚಿ ಸೇರಿಸಿದ ನೀಲಿ ಕಾರ್ಬನ್ ಪ್ರತಿ. ಡಿಸ್ಪೆನ್ಸರಿಯಿಂದ ಯಾವ ಕಾಗದ ಹೊರಗೆ ಹೋದರೂ ಕಾರ್ಬನ್ ಹಾಕಿ ಒಂದು ನಕಲು ಇಟ್ಟುಕೊಳ್ಳುವುದು ಅವಳ ಕೆಲಸದ ಪದ್ಧತಿ. ನಾನು ಬಿಡಿಸಿ ಓದಿದೆ. ದುಂಡನೆಯ ಇಂಗ್ಲಿಷ್ ಅಕ್ಷರ. ನನ್ನ ವಾಕ್ಯಗಳು, ನನ್ನ ಕೋಷ್ಟಕ, ಎಲ್ಲ ಇದ್ದಂತೆಯೇ. ಕೋಷ್ಟಕದ ಕೆಳಗೆ ಅವಳದೇ ಎರಡು ಪ್ಯಾರಾ. ಮೊದಲನೆಯದರಲ್ಲಿ, ಈ ಈ ನಂಬರಿನವರು ಬೇರೆ ಬೇರೆಯವರಲ್ಲ, ಒಬ್ಬರೇ, ದಯವಿಟ್ಟು ತಿದ್ದಿಕೊಳ್ಳಿ ಎಂದಿತ್ತು. ಎರಡನೆಯದರಲ್ಲಿ ಆ ಹೆಂಗಸರ ಸಮಾಚಾರ. ಯಾರಿಗೆ ವಾಸಿಯಾಯಿತು, ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಿದ್ದಾಯಿತು, ಯಾರು ತೀರಿಕೊಂಡರು.

"ಒಬ್ಬರೇ ಅಂತ ಹೇಗೆ ಗೊತ್ತಾಯ್ತು?" ನನ್ನ ದನಿ ಆಗಲೇ ಇಳಿದಿತ್ತು.

"ಬಲದವಡೇಲಿ ಎಲೆ ಇಟ್ಕಂಡೇ ಮಲ್ಗೋಳು ಒಬ್ಳಿದ್ಳಲ್ಲ, ಬಲಗೈಲಿ ಸುಟ್ಟ ಕಲೆ? ನಮ್ಮಲ್ಲಿ ಅರೇಬಿಕಾ ಮುಗೀತಿದ್ದಂಗೆ ಅವ್ರೆಲ್ಲ ರೊಬಸ್ಟಾ ಕುಯ್ಯಕ್ಕೆ ಆ ಕಡೀಕೆ ಹೋಯ್ತಾರೆ. ಮಾಕುಟ್ಟದ ತಾವೂ ಅವ್ಳೇ ನಿಂತಿದ್ಳು. ಇಲ್ಲಿ ನೀ ಅವ್ಳ ಹೆಸ್ರು ಬರ್ಕಂಡೆ, ಅಲ್ಲಿ ರೈಟ್ರು ಗಂಡನ ಹೆಸ್ರಲ್ಲಿ ಬರ್ಸಿದ್ರು. ಮಾರ್ನೆ ವರ್ಸ ಬಂದು ಹೇಳಿ ನಗಾಡಿದ್ಳು. ಆ ಅಮ್ಮ ಅಲ್ಗೂ ಬಂದಿತ್ತು, ಇನ್ನೊಂದ್ಸಲ ಬಾಯಿ ನೋಡ್ತು, ನನ್ ಗುರ್ತೇ ಸಿಗ್ಲಿಲ್ಲ ಅಂತ. ಆಮೇಲೆ ಅಲ್ಗೆ ಹೋಗಿದ್ದವ್ರನ್ನೆಲ್ಲ ಕೇಳಿ, ನಿನ್ ಕೋಷ್ಟಕದಲ್ಲಿ ವಯಸ್ಸು, ಹುಣ್ಣಿನ ಜಾಗ ನೋಡಿ ತಾಳೆ ಹಾಕ್ದೆ."

ನಮ್ಮ ಉತ್ತರದ ಕಡೆ ಅರೇಬಿಕಾ ಮುಗಿಯುವ ಹೊತ್ತಿಗೆ ದಕ್ಷಿಣದಲ್ಲಿ ರೊಬಸ್ಟಾ ಹಣ್ಣಾಗುತ್ತದೆ, ಹಣ್ಣು ಕುಯ್ಯುವ ಪಿಕ್ಕಿಂಗಿನ ಜನ ಅದರ ಹಿಂದೆ ಹೋಗುತ್ತಾರೆ. ಇದು ಕೊಡಗಿನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಜನವರಿ ಮುಗಿದರೆ ನಮ್ಮ ಅಂಗಡಿಯಲ್ಲಿ ವ್ಯಾಪಾರ ಇಳಿಯುತ್ತಿದ್ದದ್ದೇ ಅದಕ್ಕೆ. ಪರದೇಶದವನೊಬ್ಬ ಬಂದು ಈ ತಪ್ಪು ಮಾಡಿದ್ದರೆ ನಾನೇ ಆಡಿಕೊಂಡು ನಗುತ್ತಿದ್ದೆ. ಮಾದಾಪುರದ ಅಂಗಡಿಯವರ ಮಗಳು ಮಾಡಿದ್ದಳು. ನಾನು ಅಷ್ಟೂ ಹೆಂಗಸರ ಬಾಯಿ ನೋಡಿದ್ದೆ, ಒಬ್ಬಳ ಮುಖವನ್ನೂ ನೋಡಿರಲಿಲ್ಲ.

ಆದರೂ ನನ್ನ ಸೊಕ್ಕು ಪೂರ್ತಿ ಇಳಿದಿರಲಿಲ್ಲ. "ನನಗೆ ಯಾಕೆ ಹೇಳಲಿಲ್ಲ ನರ್ಸಕ್ಕ? ಲೋಕಕ್ಕೆಲ್ಲ ಬರೆದವರು ನನಗೊಂದು ಕಾರ್ಡ್ ಹಾಕಬಾರದಿತ್ತಾ?"

ಅವಳು ಡಬ್ಬದ ತಳಕ್ಕೆ ಕೈಹಾಕಿ ಎರಡು ಕಾಗದ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಒಂದು, ಅವಳು ನನಗೆ ಬರೆದ ಕಾಗದದ ಕಾರ್ಬನ್ ಪ್ರತಿ, ಮೂರು ಪುಟ. ಮೊದಲ ಪುಟದಲ್ಲಿ ಕಾರ್ಡುಗಳು ಬಂದ ಸುದ್ದಿ. ಎರಡನೆಯದರಲ್ಲಿ ಎರಡು ಸಲ ಎಣಿಸಿದ ಹೆಂಗಸರ ಪಟ್ಟಿ, ನಂಬರಿನ ಮುಂದೆ ನಂಬರು. ಮೂರನೆಯದರಲ್ಲಿ ಬಲದವಡೆಯವಳ ಹುಣ್ಣು ದೊಡ್ಡದಾಗಿದೆ, ನಿನ್ನ ಮಾತು ಕೇಳುತ್ತಾಳೆ, ಒಂದು ಸಲ ಬಂದು ದೊಡ್ಡಾಸ್ಪತ್ರೆಗೆ ಹೋಗೆಂದು ಹೇಳುತ್ತೀಯಾ ಎಂದು ಕೇಳಿದ್ದಳು.

ಇನ್ನೊಂದು ನನ್ನ ಇನ್‌ಲ್ಯಾಂಡ್ ಲೆಟರ್. ನನ್ನದೇ ಕೈಬರಹ. ಪ್ರತಿಗಳು ಮುಗಿದಿವೆ, ಅದೆಲ್ಲ ಸಣ್ಣ ವಿಷಯ, ನೀವು ತಲೆ ಕೆಡಿಸಿಕೊಳ್ಳಬೇಡಿ, ಕೆಲಸ ಬಹಳ.

ಅವಳ ಕಾಗದದ ಎರಡನೆಯ ಪುಟವನ್ನು ನಾನು ಅವತ್ತು ಓದಿದ್ದೆನೇ? ಕಣ್ಣುಮುಚ್ಚಿ ಎಷ್ಟು ಕೆದಕಿದರೂ ಸ್ಪಷ್ಟವಾಗಿ ನೆನಪಾಗುವುದಿಲ್ಲ. ಮೊದಲ ಪುಟ ನೋಡಿ ಮಡಚಿಟ್ಟೆ ಎಂದು ನಂಬಲು ಮನಸ್ಸಿದೆ. ಓದಿಯೂ ಓದದವಳಂತೆ ಇದ್ದೆನೇನೋ ಎಂಬ ಅನುಮಾನವೂ ಇದೆ. ಆಗ ನನ್ನ ಹೊಸ ಕೆಲಸ ನಿಂತಿದ್ದದ್ದು ಆ ಆರು ಪುಟದ ಮೇಲೆಯೇ.

"ಅವ್ಳು ಏನಾದ್ಲು?" ಎಂದೆ. ಅಷ್ಟು ಹೊತ್ತಿಗೆ ನನ್ನ ಬಾಯಲ್ಲೂ ಊರಿನ ಮಾತೇ ಬರುತ್ತಿತ್ತು.

"ಹೋದ್ಳು ಮಗಾ. ಇನ್ನೆರಡು ಪಿಕ್ಕಿಂಗ್ ಮಾಡಿ ಹೋದ್ಳು. ನಾ ಹೇಳಿದ್ಕೆ ಆಸ್ಪತ್ರೆಗೇನೋ ಹೋದ್ಳು, ಲೇಟಾಗಿತ್ತು." ನರ್ಸಕ್ಕ ಮೊರವನ್ನು ಹತ್ತಿರ ಎಳೆದುಕೊಂಡು ಮತ್ತೆ ಅಲಸಂದೆಕಾಯಿ ಸುಲಿಯತೊಡಗಿದಳು. ನನಗೂ ಒಂದು ಹಿಡಿ ಕೊಟ್ಟಳು. ನಾನು ಅಳುತ್ತ ಸುಲಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಡಬ್ಬವನ್ನು ಕೇಳಿ ತಂದೆ. ಒಂದು ತಿಂಗಳು ಕಣದ ಮೂಲೆಯಲ್ಲೇ ಕೂತು ಲೆಕ್ಕ ಹೊಸದಾಗಿ ಮಾಡಿದೆ. ಪ್ರಬಂಧದ ಮುಖ್ಯ ಮಾತು ಬಿದ್ದುಹೋಗಲಿಲ್ಲ, ಆದರೆ ಚೆನ್ನಾಗಿ ಸೊರಗಿತು. ನಾನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಗೌರವ ಕೊಡುವವರಿಗೆ, ನನ್ನ ಪಟ್ಟಿಯ ಮೊದಲನೆಯದರಲ್ಲೇ ತಪ್ಪಿದೆ, ತಿದ್ದುತ್ತಿದ್ದೇನೆ ಎಂದು ಬರೆದೆ. ಆ ಗೌರವ ಬೇರೆಯವರಿಗೆ ಹೋಯಿತು. ಇದೇ ಕಾರಣವೋ ಅಲ್ಲವೋ ತಿಳಿಯದು, ಹೊಟ್ಟೆಯುರಿಯಂತೂ ಆಯಿತು. ಪತ್ರಿಕೆಯವರು ಇಷ್ಟು ಹಳೆಯದನ್ನು ಈಗ ಯಾಕೆ ಕೆದಕುತ್ತೀರಿ ಎಂದು ಮೊದಲು ಗೊಣಗಿದರು. ಕಾರ್ಬನ್ ಪ್ರತಿಗಳನ್ನು ಕಳಿಸಿದ ಮೇಲೆ ಒಪ್ಪಿದರು. ತಿದ್ದುಪಡಿ ಒಂದು ಪುಟ. ಆಮೇಲೆ ಆ ಹೆಂಗಸರು ಏನಾದರು ಎಂಬ ವಿವರವೂ ಅದರಲ್ಲಿದೆ. ಅದನ್ನು ಕಲೆಹಾಕಿದ್ದು ನಾನಲ್ಲ, ಆದ್ದರಿಂದ ಲೇಖಕರಲ್ಲಿ ನರ್ಸಕ್ಕನ ಹೆಸರು ಮೊದಲು, ನನ್ನದು ಆಮೇಲೆ. ಓದುಗರು ಬರೆಯಬೇಕಾದ ವಿಳಾಸ ಎಂದು ಹಾರಂಗಿಯ ಮನೆಯ ವಿಳಾಸವನ್ನೇ ಹಾಕಿಸಿದೆ.

ಅಚ್ಚಾದ ಪುಟವನ್ನು ತಂಗಿಯ ಮಗಳು ಫೋಟೋಗಳ ಸಾಲಿನಲ್ಲಿ ಫ್ರೇಮ್ ಹಾಕಿಸಿ ತೂಗುಹಾಕಿದಳು. ನರ್ಸಕ್ಕ ಅದರ ಕಡೆ ಹೆಚ್ಚು ನೋಡಲಿಲ್ಲವಂತೆ. "ಪೋಸ್ಟ್‌ಮ್ಯಾನು ಬಂದ್ರೆ ಸಾಕು, ಕಾರ್ಡ್ ಬಂತಾ ಅಂತ ಕೇಳ್ತಾರೆ. ಈಗ ಯಾರು ದೊಡ್ಡಮ್ಮ ಕಾರ್ಡ್ ಹಾಕ್ತಾರೆ ಅಂದ್ರೆ ಕೇಳಲ್ಲ," ಎಂದು ತಂಗಿಯ ಮಗಳು ಫೋನಿನಲ್ಲಿ ಹೇಳಿದಳು.

ನಿಜ, ಈಗ ಯಾರೂ ಹಾಕುವುದಿಲ್ಲ. ಹಳೆಯ ಪ್ರಬಂಧವನ್ನು ಜನ ಈಗಲೂ ಹೆಸರಿಸುತ್ತಲೇ ಇದ್ದಾರೆ. ತಿದ್ದುಪಡಿಯನ್ನು ಇದುವರೆಗೆ ಯಾರೂ ಹೆಸರಿಸಿಲ್ಲ. ಬೆಳಿಗ್ಗೆ ನೋಡುವ ಚಟ ಬಿಟ್ಟಿಲ್ಲ, ಆದರೆ ನೋಡುವುದು ಆ ಒಂದು ಸಾಲನ್ನೇ. ಅದರ ಮುಂದೆ ಸೊನ್ನೆ.

ಮತ್ತೆ ರಜೆಗೆ ಬಂದಾಗ ಒಂದು ದಿನ ಮಾದಾಪುರದ ಅಂಚೆ ಕಚೇರಿಗೆ ಹೋಗಿ ಕಾರ್ಡ್ ತಂದೆ. ಡಬ್ಬದಲ್ಲಿದ್ದ ಹಳೆಯ ಕಾರ್ಡುಗಳನ್ನು ನೋಡಿಕೊಂಡು ಅದೇ ಇಂಗ್ಲಿಷಿನಲ್ಲಿ, ಅದೇ ಮರ್ಯಾದೆಯಲ್ಲಿ ಬರೆದೆ. ಮಾನ್ಯರೇ, ತಮ್ಮ ಪ್ರಬಂಧದ ಒಂದು ಪ್ರತಿಯನ್ನು ದಯವಿಟ್ಟು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ಕೆಳಗೆ ನನ್ನ ಸಹಿ, ವಿಳಾಸ. ಹಾರಂಗಿಯ ಮನೆಗೆ ಅಂಚೆಯಲ್ಲಿ ಹಾಕಿದೆ.

ಹತ್ತು ದಿನ ಬಿಟ್ಟು ದಪ್ಪನೆಯ ಕವರು ಬಂತು. ತಂಗಿಯ ಮಗಳು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಟ್ಟಿರಬೇಕು. ಗೆರೆ ದಾಟಿ ಮೇಲೆ ಕೆಳಗೆ ಓಡಿದ ದೊಡ್ಡ ದೊಡ್ಡ ಅಕ್ಷರ. ತಿದ್ದುಪಡಿಯ ಪುಟವನ್ನು ಕೈಯಲ್ಲಿ ನಕಲು ಮಾಡಿದ್ದಳು. ಅದರ ಹಿಂದೆ ಇನ್ನೂ ನಾಲ್ಕು ಹಾಳೆ, ಉಳಿದಿರುವ ಹೆಂಗಸರ ಸಮಾಚಾರ. ಯಾರು ಮಗಳ ಮನೆಯಲ್ಲಿದ್ದಾರೆ, ಯಾರು ಎಲೆ ಬಿಟ್ಟಿದ್ದಾರೆ, ಯಾರು ಬಿಟ್ಟೆ ಎಂದು ಸುಳ್ಳು ಹೇಳುತ್ತಾರೆ. ಬಲದವಡೆಯವಳ ಮೊಮ್ಮಗಳು ಮಡಿಕೇರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳಂತೆ.

ಎಲ್ಲಕ್ಕಿಂತ ಮೇಲೆ, ಮೊದಲ ಹಾಳೆಯ ತಲೆಯಲ್ಲಿ, ಕನ್ನಡದಲ್ಲಿ ಒಂದು ಸಾಲಿತ್ತು.

"ಮಗಾ, ಈ ಸಲ ಪೂರ್ತಿ ಓದು."

ಕಣದ ಮೂಲೆಯ ಕುರ್ಚಿಯಲ್ಲಿ ಕೂತು ಐದೂ ಹಾಳೆ ಓದಿದೆ. ಕೊನೆಯ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ.